ಕಾನೂನು ಸಲಹೆ: ಮಗುವಿನಿಂದ ದೂರವಾದ ತಂದೆಯಂದಿರ ಪತ್ರಗಳಿಗೆ ಉತ್ತರ

ಈ ಸಲ ಅಂಕಣಕ್ಕೆ ಬಂದ ಪತ್ರಗಳಲ್ಲಿ ತಂದೆಯಂದಿರು ಬರೆದವೇ ಹೆಚ್ಚು. ಎಲ್ಲದರಲ್ಲೂ ಕಾಣುವ ಪ್ರಶ್ನೆ ಒಂದೇ: ಸಂಸಾರ ಮುರಿದಿದೆ, ಮಗು ತಾಯಿಯ ಬಳಿ ಇದೆ, ನನ್ನ ಗತಿ ಏನು? ಐದು ಪತ್ರಗಳನ್ನು ಆರಿಸಿಕೊಂಡು, ಬರೆದವರ ಗುರುತು ಸಿಗದಂತೆ ಚಿಕ್ಕದು ಮಾಡಿ, ಉತ್ತರಿಸಿದ್ದೇನೆ.

ಪ್ರಶ್ನೆ: ದಾವಣಗೆರೆಯಲ್ಲಿ ನನ್ನದೊಂದು ಬಟ್ಟೆ ಅಂಗಡಿ ಇದೆ. ಏಳು ತಿಂಗಳ ಹಿಂದೆ ನಾಲ್ಕು ವರ್ಷದ ಮಗನನ್ನು ಕರೆದುಕೊಂಡು ಹಾವೇರಿಯ ತವರಿಗೆ ಹೋದ ಹೆಂಡತಿ ಮರಳಿ ಬಂದಿಲ್ಲ. ಹಿರಿಯರನ್ನು ಕರೆದುಕೊಂಡು ಹೋಗಿ ಎರಡು ಸಲ ಮಾತುಕತೆ ನಡೆಸಿದರೂ ಫಲ ಸಿಗಲಿಲ್ಲ. ಮಗನನ್ನು ಅಲ್ಲಿಯೇ ಎಲ್‌ಕೆಜಿಗೆ ಸೇರಿಸಿದ್ದಾರೆ. ಫೋನ್ ಮಾಡಿದರೆ ಅವನ ಕೈಗೆ ಕೊಡುವುದಿಲ್ಲ. ಕಾನೂನಿನಂತೆ ತಂದೆಯೇ ಸಹಜ ಪಾಲಕ ಎಂದು ಪರಿಚಯದವರೊಬ್ಬರು ಹೇಳಿದರು. ಹಾಗಾದರೆ ನಾನೇ ಶಾಲೆಗೆ ಹೋಗಿ ಮಗನನ್ನು ಕರೆದುಕೊಂಡು ಬರಬಹುದೇ?
— ಹೆಸರು ಬೇಡ, ದಾವಣಗೆರೆ

ಉತ್ತರ: ದಯವಿಟ್ಟು ಹಾಗೆ ಕರೆದುಕೊಂಡು ಬರಬೇಡಿ. ಏಳು ತಿಂಗಳು ಮಗನ ದನಿಯನ್ನೂ ಕೇಳದ ತಂದೆಯ ಸಂಕಟ ನನಗೆ ಅರ್ಥವಾಗುತ್ತದೆ. ಆದರೆ ಶಾಲೆಯ ಬಾಗಿಲಿನಿಂದ ಮಗುವನ್ನು ಎತ್ತಿಕೊಂಡು ಬಂದ ತಂದೆ, ಮರುದಿನದಿಂದ ನ್ಯಾಯಾಲಯದ ಎದುರು ಆ ಒಂದು ಕೆಲಸಕ್ಕೆ ಸಮಜಾಯಿಷಿ ಕೊಡುವುದರಲ್ಲಿಯೇ ದಿನ ಕಳೆಯಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾಗಿ, ಏನೂ ಅರಿಯದ ಮಗು ಹೆದರಿಹೋಗುತ್ತದೆ.

ನಿಮ್ಮ ಪರಿಚಯದವರು ಹೇಳಿದ್ದು ಅರ್ಧ ಸತ್ಯ. 1956ರ ಹಿಂದೂ ಅಪ್ರಾಪ್ತ ವಯಸ್ಕತೆ ಮತ್ತು ಪಾಲಕತ್ವ ಕಾಯ್ದೆಯ 6ನೆಯ ಕಲಮು ತಂದೆಯನ್ನು ಸಹಜ ಪಾಲಕನೆಂದೂ, ಅವನ ನಂತರ ತಾಯಿಯೆಂದೂ ಹೇಳುತ್ತದೆ. ಅದೇ ಕಲಮಿನ ಕೆಳಗೆ, ಐದು ವರ್ಷ ತುಂಬದ ಮಗುವಿನ ಸುಪರ್ದಿ, ಎಂದರೆ ಮಗುವನ್ನು ಜೊತೆಯಲ್ಲಿಟ್ಟುಕೊಂಡು ನೋಡಿಕೊಳ್ಳುವ ಹಕ್ಕು, ಸಾಮಾನ್ಯವಾಗಿ ತಾಯಿಗೆ ಸೇರತಕ್ಕದ್ದು ಎಂಬ ಮಾತೂ ಇದೆ. ಇವೆರಡಕ್ಕಿಂತ ಮೇಲೆ 13ನೆಯ ಕಲಮು ನಿಲ್ಲುತ್ತದೆ. ಅದರ ಪ್ರಕಾರ ಮಗುವಿನ ಹಿತವೇ ಪರಮೋಚ್ಚ. ‘ನಂತರ’ ಎಂದರೆ ತಂದೆಯ ಮರಣಾನಂತರ ಎಂದಷ್ಟೇ ಅರ್ಥವಲ್ಲ, ತಂದೆ ಮಗುವಿನ ಹೊಣೆಯಿಂದ ದೂರವಿರುವಾಗಲೂ ತಾಯಿ ಪಾಲಕಿಯಾಗುತ್ತಾಳೆ ಎಂದು ಸುಪ್ರೀಂ ಕೋರ್ಟ್ 1999ರಲ್ಲಿಯೇ ಸ್ಪಷ್ಟಪಡಿಸಿದೆ. ಐದು ವರ್ಷದೊಳಗಿನ ಮಗುವನ್ನು ತಾಯಿಯಿಂದ ಬಿಡಿಸಬೇಕಾದರೆ ಆಕೆಯ ಬಳಿ ಮಗುವಿನ ಹಿತಕ್ಕೆ ಧಕ್ಕೆ ಇದೆಯೆಂದು ತಂದೆಯೇ ಸಾಬೀತು ಮಾಡಬೇಕು ಎಂದು 2015ರ ಇನ್ನೊಂದು ತೀರ್ಪು ಹೇಳುತ್ತದೆ. ನಿಮ್ಮ ಪತ್ರದಲ್ಲಿ ಪತ್ನಿಯವರು ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂಬ ದೂರು ಎಲ್ಲಿಯೂ ಇಲ್ಲ. ಆದ್ದರಿಂದ ಪೂರ್ಣ ಸುಪರ್ದಿಯೊಂದನ್ನೇ ಕೇಳಿ ಅರ್ಜಿ ಹಾಕಿದರೆ, ಸೋಲುವ ಸಾಧ್ಯತೆ ಹೆಚ್ಚಾಗಿರುವ ವ್ಯಾಜ್ಯಕ್ಕೆ ವರ್ಷಗಟ್ಟಲೆ ಓಡಾಡಬೇಕಾದೀತು.

ಮಗನನ್ನು ಕಾಣಲು ಮತ್ತು ಅವನೊಂದಿಗೆ ಮಾತನಾಡಲು ಮಧ್ಯಂತರ ಆದೇಶ ಪಡೆಯುವುದೇ ಈಗ ನೀವು ಮೊದಲು ಮಾಡಬೇಕಾದ ಕೆಲಸ. 1890ರ ಪಾಲಕರು ಮತ್ತು ಪಾಲಿತರ ಕಾಯ್ದೆಯ ಅಡಿಯಲ್ಲಿ ಅರ್ಜಿ ಹಾಕಿ. ವಕೀಲರು ಇದನ್ನು ‘ಜಿ ಆ್ಯಂಡ್ ಡಬ್ಲ್ಯು ಕೇಸು’ ಎನ್ನುತ್ತಾರೆ. ಅದರ 9ನೆಯ ಕಲಮಿನ ಪ್ರಕಾರ ಮಗು ಸಾಮಾನ್ಯವಾಗಿ ವಾಸಿಸುವ ಜಾಗದ ನ್ಯಾಯಾಲಯಕ್ಕೆ ಅಧಿಕಾರವಿರುತ್ತದೆ. ಏಳು ತಿಂಗಳಿನಿಂದ ಮಗು ಹಾವೇರಿಯಲ್ಲಿದ್ದು, ಅಲ್ಲಿಯೇ ಶಾಲೆಗೂ ಹೋಗುತ್ತಿರುವುದರಿಂದ, ದಾವಣಗೆರೆಯಲ್ಲಿ ಹೂಡಿದರೆ ಅಧಿಕಾರ ವ್ಯಾಪ್ತಿಯ ತಕರಾರಿನಲ್ಲಿಯೇ ಒಂದು ವರ್ಷ ಕಳೆಯಬಹುದು. ದೂರವೆನಿಸಿದರೂ ಅಲ್ಲಿಯೇ ಹೂಡುವುದು ಒಳ್ಳೆಯದು. ಮೂಲ ಅರ್ಜಿಯ ಜೊತೆಗೇ, ಅದೇ ದಿನ, ಭೇಟಿಗಾಗಿ ಮಧ್ಯಂತರ ಅರ್ಜಿಯನ್ನೂ ಸಲ್ಲಿಸಿ. ಅದರಲ್ಲಿ ‘ಸೂಕ್ತ ಆದೇಶ ನೀಡಬೇಕು’ ಎಂದು ಬರೆದು ಬಿಡಬೇಡಿ. ಪ್ರತಿ ಭಾನುವಾರ ಇಷ್ಟು ಗಂಟೆಯಿಂದ ಇಷ್ಟು ಗಂಟೆಯವರೆಗೆ ಭೇಟಿ, ವಾರದಲ್ಲಿ ಮೂರು ದಿನ ಸಂಜೆ ಹದಿನೈದು ನಿಮಿಷ ವಿಡಿಯೋ ಕರೆ, ದಸರಾ ರಜೆಯಲ್ಲಿ ಇಷ್ಟು ದಿನ ಅಜ್ಜಿಯ ಮನೆಯಲ್ಲಿ ವಾಸ, ಹೀಗೆ ಬಿಡಿಸಿ ಕೇಳಿ. ಸುಪರ್ದಿ ಸಿಗದ ಪೋಷಕರಿಗೂ ಭೇಟಿಯ ಹಕ್ಕು ಇರಬೇಕು, ದೂರದಲ್ಲಿರುವವರಿಗೆ ಫೋನ್ ಮತ್ತು ವಿಡಿಯೋ ಕರೆಯ ಮೂಲಕ ಸಂಪರ್ಕದ ಹಕ್ಕು ಇರಬೇಕು ಎಂದು ಸುಪ್ರೀಂ ಕೋರ್ಟ್ 2020ರಲ್ಲಿ ಒತ್ತಿ ಹೇಳಿದೆ. ತಂದೆತಾಯಿ ಇಬ್ಬರ ಪ್ರೀತಿಯೂ ಮಗುವಿನ ಮೂಲಭೂತ ಮಾನವ ಹಕ್ಕು ಎಂದು ಅದು ಕರೆದಿದೆ.

ನಾನು ಆತುರ ಮಾಡಲು ಹೇಳುತ್ತಿರುವುದಕ್ಕೆ ಕಾರಣವಿದೆ. ಒಂದು ಮನೆ, ಒಂದು ಶಾಲೆ, ಒಂದು ಓಣಿಗೆ ಹೊಂದಿಕೊಂಡ ಮಗುವನ್ನು ಅಲ್ಲಿಂದ ಕದಲಿಸಲು ನ್ಯಾಯಾಧೀಶರು ಹಿಂಜರಿಯುತ್ತಾರೆ, ಹಿಂಜರಿಯುವುದು ಸರಿಯೂ ಹೌದು. ಹಿರಿಯರು ಕೂತು ಮಾತನಾಡಲಿ, ಹಬ್ಬ ಮುಗಿಯಲಿ, ಅವಳ ಸಿಟ್ಟು ಇಳಿಯಲಿ ಎಂದು ಕಾಯುತ್ತ ಕೂತ ತಂದೆಗೆ, ಒಂದೂವರೆ ವರ್ಷದ ನಂತರ ‘ಇಷ್ಟು ದಿನ ಎಲ್ಲಿದ್ದಿರಿ’ ಎಂಬ ಪ್ರಶ್ನೆ ಎದುರಾಗುತ್ತದೆ. ಮಾತುಕತೆ ಬೇಡ ಎನ್ನುತ್ತಿಲ್ಲ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೆಯ ಕಲಮು ರಾಜಿಯ ಪ್ರಯತ್ನವನ್ನು ನ್ಯಾಯಾಲಯದ ಕರ್ತವ್ಯವನ್ನಾಗಿಯೇ ಮಾಡಿದೆ. ಅರ್ಜಿ ಹಾಕಿದ ಮೇಲೆ ನಡೆಯುವ ಮಧ್ಯಸ್ಥಿಕೆಯಲ್ಲಿ ಒಪ್ಪಿದ ಮಾತು ದಾಖಲೆಗೆ ಸೇರುತ್ತದೆ, ಅದನ್ನು ಮೀರಿದರೆ ನ್ಯಾಯಾಲಯದಲ್ಲಿ ಕೇಳಬಹುದು. ಜಗುಲಿಯ ಮೇಲೆ ಒಪ್ಪಿದ ಮಾತಿಗೆ ಆ ಬಲ ಇರುವುದಿಲ್ಲ.

ಈ ನಡುವೆ ಶಾಲೆಯ ಶುಲ್ಕ, ಮಗನ ಬಟ್ಟೆಬರೆ, ಔಷಧಿಯ ಹಣವನ್ನು ಬ್ಯಾಂಕಿನ ಮೂಲಕವೇ ಕಳುಹಿಸುತ್ತಿರಿ. ಫೋನ್ ಮಾಡಿ ಉತ್ತರ ಸಿಗದ ದಿನಾಂಕಗಳನ್ನು ಒಂದು ನೋಟ್‌ಪುಸ್ತಕದಲ್ಲಿ ಬರೆದಿಡಿ. ಸಂದೇಶ ಕಳುಹಿಸುವಾಗ, ಅದನ್ನು ನ್ಯಾಯಾಧೀಶರು ಓದಲಿದ್ದಾರೆ ಎಂದುಕೊಂಡೇ ಬರೆಯಿರಿ. ಒಂದಲ್ಲ ಒಂದು ದಿನ ಅವರು ಓದುತ್ತಾರೆ.

ಪ್ರಶ್ನೆ: ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಯೊಂದರ ಉದ್ಯೋಗಿ ನಾನು. ಹೆಂಡತಿ ವಿಚ್ಛೇದನದ ಅರ್ಜಿಯ ಜೊತೆಗೆ ಜೀವನಾಂಶದ ಅರ್ಜಿ ಹಾಕಿದ್ದಾಳೆ. ನನ್ನ ಮೇಲೂ ನನ್ನ ತಂದೆತಾಯಿಯ ಮೇಲೂ ಕಿರುಕುಳದ ದೂರು ಕೊಟ್ಟಿದ್ದಾಳೆ. ಆರು ವರ್ಷದ ಮಗಳನ್ನು ತೋರಿಸುತ್ತಿಲ್ಲ. ಮಗಳನ್ನು ತೋರಿಸುವವರೆಗೆ ಹಣ ಕೊಡಬೇಡ, ಬೇಕಿದ್ದರೆ ಕೆಲಸವನ್ನೇ ಬಿಟ್ಟುಬಿಡು, ಆಗ ಜೀವನಾಂಶ ಕಡಿಮೆಯಾಗುತ್ತದೆ ಎಂದು ಗೆಳೆಯರು ಹೇಳುತ್ತಿದ್ದಾರೆ. ಕ್ರಿಮಿನಲ್ ಕೇಸು ಇರುವಾಗ ಮಗಳು ನನಗೆ ಸಿಗುವಳೇ?
— ಓದುಗ, ಬೆಂಗಳೂರು

ಉತ್ತರ: ನಿಮ್ಮ ಗೆಳೆಯರು ಕೊಟ್ಟ ಎರಡೂ ಸಲಹೆಗಳು ನಿಮಗೆ ಹಾನಿ ಮಾಡುತ್ತವೆ. ಜೀವನಾಂಶ ಮತ್ತು ಭೇಟಿ ಒಂದಕ್ಕೊಂದು ಕಟ್ಟಿದ ವಿಷಯಗಳಲ್ಲ. ಹಣ ಬಂದಿಲ್ಲವೆಂದು ತಾಯಿ ಮಗುವನ್ನು ತೋರಿಸದಿರುವಂತಿಲ್ಲ, ಮಗುವನ್ನು ತೋರಿಸಿಲ್ಲವೆಂದು ತಂದೆ ಹಣ ನಿಲ್ಲಿಸುವಂತಿಲ್ಲ. ನಿಲ್ಲಿಸಿದರೆ ಬಾಕಿ ಬೆಳೆದು, ವಸೂಲಿ ವಾರಂಟಿನವರೆಗೂ ಹೋಗುತ್ತದೆ. ಮಗಳ ಹಾಲು, ಶಾಲೆ, ಬಸ್ಸಿನ ಖರ್ಚನ್ನು ತಡೆದವರು ಎಂಬ ಹೆಸರು ನಿಮಗೆ ಬರುವುದು ಅದಕ್ಕಿಂತ ದೊಡ್ಡ ನಷ್ಟ.

ಕೆಲಸ ಬಿಡುವ ಮಾತಂತೂ ಬೇಡವೇ ಬೇಡ. ಜೀವನಾಂಶದ ಪ್ರಕರಣಗಳಲ್ಲಿ ಗಂಡ ಹೆಂಡತಿ ಇಬ್ಬರೂ ತಮ್ಮ ಆಸ್ತಿ, ಆದಾಯ, ಸಾಲಗಳ ವಿವರವನ್ನು ಪ್ರಮಾಣಪತ್ರದ ಮೂಲಕ ಸಲ್ಲಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ನವೆಂಬರ್‌ನಲ್ಲಿ ನಿಗದಿ ಮಾಡಿದೆ, ಜೀವನಾಂಶವು ಅರ್ಜಿ ಹಾಕಿದ ದಿನದಿಂದಲೇ ಲೆಕ್ಕಕ್ಕೆ ಬರುತ್ತದೆ ಎಂದೂ ಹೇಳಿದೆ. ದುಡಿಯುವ ಶಕ್ತಿ ಇದ್ದೂ ಬೇಕೆಂದೇ ಕೆಲಸ ಬಿಟ್ಟವರ ಗಳಿಸುವ ಸಾಮರ್ಥ್ಯವನ್ನು ನ್ಯಾಯಾಲಯ ಅಳೆದೇ ಅಳೆಯುತ್ತದೆ. ಆ ಪ್ರಮಾಣಪತ್ರದಲ್ಲಿ ಪಿಎಫ್, ಷೇರು, ಗೃಹಸಾಲ, ತಂದೆತಾಯಿಯ ಆಸ್ಪತ್ರೆ ಖರ್ಚು ಎಲ್ಲವನ್ನೂ ದಾಖಲೆ ಸಮೇತ ಬರೆಯಿರಿ. ಪತ್ನಿಯವರು ದುಡಿಯುತ್ತಿದ್ದರೆ ಅದೂ ಅವರ ಪ್ರಮಾಣಪತ್ರದಲ್ಲಿ ಬರಲೇಬೇಕು. ಒಂದು ಸಣ್ಣ ಖಾತೆಯನ್ನು ಮುಚ್ಚಿಟ್ಟು ಸಿಕ್ಕಿಬಿದ್ದವರ ಉಳಿದ ಮಾತುಗಳನ್ನೂ ಯಾರೂ ನಂಬುವುದಿಲ್ಲ.

ಇನ್ನು ಕ್ರಿಮಿನಲ್ ದೂರು. ಹಿಂದೆ ದಂಡ ಸಂಹಿತೆಯ 498ಎ ಆಗಿದ್ದ ಕಿರುಕುಳದ ಅಪರಾಧ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ 85 ಮತ್ತು 86ನೆಯ ಕಲಮುಗಳಾಗಿವೆ. ಇಂತಹ ದೂರಿನ ಮೇಲೆ ತಕ್ಷಣ ಯಾಂತ್ರಿಕವಾಗಿ ಬಂಧಿಸಬಾರದು, ಬಂಧನ ಏಕೆ ಅಗತ್ಯವೆಂದು ಪೊಲೀಸರು ಕಾರಣ ದಾಖಲಿಸಬೇಕು ಎಂದು ಸುಪ್ರೀಂ ಕೋರ್ಟ್ 2014ರಲ್ಲಿ ನಿರ್ದೇಶನ ನೀಡಿದೆ. ಠಾಣೆಯಿಂದ ಹಾಜರಾಗುವಂತೆ ನೋಟಿಸು ಬಂದರೆ ತಪ್ಪಿಸಿಕೊಳ್ಳಬೇಡಿ, ಹೇಳಿದ ದಿನ ಹೋಗಿ, ಹೋದದ್ದಕ್ಕೆ ದಾಖಲೆ ಇಟ್ಟುಕೊಳ್ಳಿ. ವಯಸ್ಸಾದ ತಂದೆತಾಯಿಯ ಹೆಸರೂ ಇರುವುದರಿಂದ ನಿರೀಕ್ಷಣಾ ಜಾಮೀನಿನ (ಬಂಧನಕ್ಕೆ ಮುನ್ನವೇ ಪಡೆಯುವ ಜಾಮೀನು) ಬಗ್ಗೆ ಇದೇ ವಾರ ವಕೀಲರೊಂದಿಗೆ ಮಾತನಾಡಿ.

ದೂರು ದಾಖಲಾಗಿದೆ ಎಂಬ ಮಾತ್ರಕ್ಕೆ ಮಗಳನ್ನು ಕಾಣುವ ದಾರಿ ತಾನಾಗಿಯೇ ಮುಚ್ಚುವುದಿಲ್ಲ. ಆದರೆ ಆ ದೂರನ್ನು ಲೆಕ್ಕಕ್ಕೇ ತೆಗೆದುಕೊಳ್ಳಬಾರದು ಎಂದು ವಾದಿಸಲೂ ಆಗದು. ಸುಪರ್ದಿಯನ್ನು ತೀರ್ಮಾನಿಸುವಾಗ ಪೋಷಕರ ಮೇಲಿರುವ ಗಂಭೀರ ಆರೋಪವನ್ನು ನ್ಯಾಯಾಲಯ ಗಮನಿಸಲೇಬೇಕು ಎಂದು ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿದೆ. ಮಗಳ ಎದುರೇ ಹಿಂಸೆ ನಡೆದಿದ್ದರೆ, ನಿಮ್ಮ ವಕೀಲರಿಗೆ ಅದನ್ನು ಮುಚ್ಚಿಡಬೇಡಿ. ನಡೆದಿರದಿದ್ದರೆ, ಮೊದಲ ಕೆಲವು ಭೇಟಿಗಳು ನ್ಯಾಯಾಲಯದ ಸಮಾಲೋಚಕರ ಎದುರೇ ನಡೆಯಲಿ ಎಂದು ನೀವಾಗಿಯೇ ಹೇಳಿ. ಇದು ಅವಮಾನವೆಂದು ಅನೇಕರು ಹಟ ಹಿಡಿಯುತ್ತಾರೆ. ಆದರೆ ಆ ಮೊದಲ ಭೇಟಿಗಳಲ್ಲಿ ಮಗಳು ನಿಮ್ಮ ತೊಡೆಯೇರಿ ಕೂತದ್ದನ್ನು ಕಂಡ ಸಮಾಲೋಚಕರ ವರದಿಗಿಂತ ಒಳ್ಳೆಯ ಸಾಕ್ಷ್ಯ ನಿಮಗೆ ಬೇರೆಲ್ಲಿಯೂ ಸಿಗದು. ನಿಮ್ಮ ವಿಚ್ಛೇದನದ ಪ್ರಕರಣ ಈಗಾಗಲೇ ನಡೆಯುತ್ತಿರುವುದರಿಂದ ಬೇರೆ ಕೇಸು ಬೇಕಾಗಿಲ್ಲ. ಹಿಂದೂ ವಿವಾಹ ಕಾಯ್ದೆಯ 26ನೆಯ ಕಲಮಿನ ಅಡಿ ಅದರಲ್ಲಿಯೇ ಭೇಟಿಯ ಮಧ್ಯಂತರ ಅರ್ಜಿ ಹಾಕಬಹುದು.

ಫೋನ್ ಸಂಭಾಷಣೆಯ ಧ್ವನಿಮುದ್ರಣದ ಬಗ್ಗೆಯೂ ಕೇಳಿದ್ದೀರಿ. ದಂಪತಿಯ ನಡುವಿನ ಮಾತನ್ನು ಒಬ್ಬರು ಗುಟ್ಟಾಗಿ ಮುದ್ರಿಸಿಕೊಂಡಿದ್ದರೂ ವೈವಾಹಿಕ ವ್ಯಾಜ್ಯದಲ್ಲಿ ಸಾಕ್ಷ್ಯವಾಗಿ ಪರಿಗಣಿಸಬಹುದು ಎಂದು ಸುಪ್ರೀಂ ಕೋರ್ಟ್ 2025ರ ಜುಲೈನಲ್ಲಿ ತೀರ್ಪು ನೀಡಿದೆ. ಆದರೆ ‘ಅಮ್ಮ ಹೊಡೆಯುತ್ತಾಳೆ ಎಂದು ಹೇಳು’ ಎಂದು ಮಗಳಿಂದ ಹೇಳಿಸಿ ಮುದ್ರಿಸುವ ಕೆಲಸಕ್ಕೆ ಮಾತ್ರ ಎಂದೂ ಕೈ ಹಾಕಬೇಡಿ.

ಪ್ರಶ್ನೆ: ಹಾಸನ ಜಿಲ್ಲೆಯಲ್ಲಿ ಶಿಕ್ಷಕನಾಗಿದ್ದೇನೆ. ಮೂರು ವರ್ಷದಿಂದ ನಾವು ಬೇರೆ ಇದ್ದೇವೆ. ಭೇಟಿಗೆ ಆದೇಶವಿದೆ, ತಿಂಗಳಿಗೆ ಎರಡು ಶನಿವಾರ ನ್ಯಾಯಾಲಯದ ಆವರಣದಲ್ಲಿ. ಮೊದಲು ಓಡಿ ಬರುತ್ತಿದ್ದ ಮಗಳಿಗೆ ಈಗ ಹದಿಮೂರು ವರ್ಷ. ಬಂದರೂ ಮುಖ ತಿರುಗಿಸಿ ಕೂರುತ್ತಾಳೆ. ಕಳೆದ ತಿಂಗಳು ‘ನೀವು ಬರಬೇಡಿ’ ಎಂದಳು. ತಾಯಿಯೇ ಹೀಗೆ ತಲೆ ತುಂಬಿದ್ದಾಳೆ ಎಂದು ನಾನು ನ್ಯಾಯಾಲಯದಲ್ಲಿ ಸಾಬೀತು ಮಾಡುವುದು ಹೇಗೆ?
— ನೊಂದ ತಂದೆ

ಉತ್ತರ: ನಿಮ್ಮ ಪತ್ರವನ್ನು ಮತ್ತೆ ಮತ್ತೆ ಓದಿದೆ. ನೀವು ಕೇಳಿರುವ ಪ್ರಶ್ನೆಗಿಂತ ಮೊದಲು ಇನ್ನೊಂದು ವಿಷಯ ಹೇಳಬೇಕು. ಹದಿಮೂರರ ಹುಡುಗಿಗೆ ನ್ಯಾಯಾಲಯದ ಆವರಣದಲ್ಲಿ, ಕೈಕೋಳ ತೊಟ್ಟವರೂ ಕಪ್ಪು ಕೋಟಿನವರೂ ಓಡಾಡುವ ಜಾಗದಲ್ಲಿ, ತಂದೆಯೊಡನೆ ಕೂರುವುದೇ ಹಿಂಸೆಯಾಗಿರಬಹುದು. ಶನಿವಾರದ ಟ್ಯೂಷನ್ನೋ ಗೆಳತಿಯ ಹುಟ್ಟುಹಬ್ಬವೋ ಪ್ರತಿ ಸಲ ತಪ್ಪಿಹೋಗುತ್ತಿರಬಹುದು. ಎಲ್ಲವನ್ನೂ ತಾಯಿಯ ಬೋಧನೆ ಎಂದು ತೀರ್ಮಾನಿಸುವ ಮುನ್ನ ಸ್ಥಳ ಮತ್ತು ಸಮಯ ಬದಲಿಸಲು ಅರ್ಜಿ ಹಾಕಿ: ಉದ್ಯಾನ, ಗ್ರಂಥಾಲಯ, ಅವಳು ಇಷ್ಟಪಡುವ ತಿಂಡಿಯ ಹೋಟೆಲು, ಅಥವಾ ಅವಳ ಮೆಚ್ಚಿನ ಸೋದರತ್ತೆಯ ಮನೆ. ಸುಪರ್ದಿ ಮತ್ತು ಭೇಟಿಯ ಆದೇಶಗಳು ಎಂದಿಗೂ ಕೊನೆಯ ಮಾತಲ್ಲ. ಮಗು ಬೆಳೆದಂತೆ, ಪರಿಸ್ಥಿತಿ ಬದಲಾದಂತೆ ಅವನ್ನು ತಿದ್ದಬಹುದು ಎಂಬುದು ಸುಪ್ರೀಂ ಕೋರ್ಟ್ 1970ರ ದಶಕದಿಂದಲೂ ಹೇಳುತ್ತ ಬಂದಿರುವ ತತ್ತ್ವ.

ಒಬ್ಬ ಪೋಷಕರು ಮಗುವಿನ ಮನಸ್ಸನ್ನು ಇನ್ನೊಬ್ಬರ ವಿರುದ್ಧ ತಿರುಗಿಸುವ ಸಮಸ್ಯೆಯನ್ನು ನ್ಯಾಯಾಲಯಗಳು ಗುರುತಿಸಿಲ್ಲವೆಂದಲ್ಲ. 2017ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ವಿವರವಾಗಿ ಚರ್ಚಿಸಿತು. ಆ ಪ್ರಕರಣದಲ್ಲಿ ಮಗಳು ಬಹುಕಾಲ ತಂದೆಯ ಬಳಿ ಇದ್ದು ತಾಯಿಯಿಂದ ದೂರವಾಗಿದ್ದಳು, ನ್ಯಾಯಾಲಯ ಆಕೆಯನ್ನು ತಾಯಿಗೆ ಒಪ್ಪಿಸಿತು. ಹಾಗಾಗಿ ಮಗು ‘ಬೇಡ’ ಎಂದ ಒಂದು ಮಾತೇ ನಿರ್ಣಾಯಕವಲ್ಲ. ಆದರೆ ಪಾಲಕರು ಮತ್ತು ಪಾಲಿತರ ಕಾಯ್ದೆಯ 17ನೆಯ ಕಲಮಿನಂತೆ, ವಿವೇಚಿಸಿ ಆಯ್ಕೆ ಹೇಳಬಲ್ಲ ವಯಸ್ಸಿನ ಮಗುವಿನ ಇಚ್ಛೆಯನ್ನು ನ್ಯಾಯಾಲಯ ಪರಿಗಣಿಸಬಹುದು, ಹದಿಮೂರು ಅಂತಹ ವಯಸ್ಸೇ. ನ್ಯಾಯಾಧೀಶರು ತಮ್ಮ ಕೊಠಡಿಯಲ್ಲಿ ಮಗಳೊಬ್ಬಳೊಂದಿಗೇ ಮಾತನಾಡಲಿ, ಮಕ್ಕಳ ಮನಶ್ಶಾಸ್ತ್ರ ಬಲ್ಲ ಸಮಾಲೋಚಕರಿಂದ ವರದಿ ತರಿಸಲಿ ಎಂದು ಕೋರಿ. ತಾಯಿಯ ಮೇಲೆ ಆರೋಪ ಹೊರಿಸುವ ಅರ್ಜಿಗಿಂತ, ಮಗಳ ಮನಸ್ಸಿನಲ್ಲಿ ಏನಿದೆ ಎಂದು ತಿಳಿಯುವ ಅರ್ಜಿ ನಿಮಗೆ ಹೆಚ್ಚು ಉಪಯೋಗಕ್ಕೆ ಬರುತ್ತದೆ.

ಭೇಟಿಗೆ ಹೋಗುವುದನ್ನು ಮಾತ್ರ ನಿಲ್ಲಿಸಬೇಡಿ. ಅವಳು ಮಾತನಾಡದಿದ್ದರೆ ನೀವೂ ಸುಮ್ಮನೆ ಕೂತು ಬನ್ನಿ, ಒಂದು ಪುಸ್ತಕ ಕೊಟ್ಟು ಬನ್ನಿ. ‘ಅಮ್ಮ ಏನು ಹೇಳಿಕೊಟ್ಟಳು’ ಎಂದು ಕೇಳಬೇಡಿ. ನೀವು ಶಿಕ್ಷಕರು, ಈ ವಯಸ್ಸಿನ ಮಕ್ಕಳನ್ನು ನನಗಿಂತ ಚೆನ್ನಾಗಿ ಬಲ್ಲಿರಿ.

ಪ್ರಶ್ನೆ: ನಾವಿಬ್ಬರೂ ಒಪ್ಪಿ ವಿಚ್ಛೇದನ ಪಡೆಯಲು ನಿರ್ಧರಿಸಿದ್ದೇವೆ, ಜಗಳವಿಲ್ಲ. ಒಂಬತ್ತು ವರ್ಷದ ಮಗನ ವಿಷಯದಲ್ಲಿ ಒಪ್ಪಂದದಲ್ಲಿ ಏನು ಬರೆಯಬೇಕು? ಆರು ತಿಂಗಳು ಕಾಯಲೇಬೇಕೇ?
— ಶಿವಮೊಗ್ಗ

ಉತ್ತರ: ಹಿಂದೂ ವಿವಾಹ ಕಾಯ್ದೆಯ 13ಬಿ ಕಲಮಿನಂತೆ ನೀವು ಕನಿಷ್ಠ ಒಂದು ವರ್ಷ ಬೇರೆಯಾಗಿ ವಾಸಿಸಿರಬೇಕು. ಅರ್ಜಿ ಹಾಕಿದ ನಂತರದ ಆರು ತಿಂಗಳ ಕಾಯುವಿಕೆಯು ಕಡ್ಡಾಯವಲ್ಲ, ಸೂಕ್ತ ಪ್ರಕರಣಗಳಲ್ಲಿ ನ್ಯಾಯಾಲಯ ಅದನ್ನು ಕೈಬಿಡಬಹುದು ಎಂದು 2017ರಲ್ಲಿ ಸುಪ್ರೀಂ ಕೋರ್ಟ್ ತೀರ್ಪಿತ್ತಿದೆ. ಅದಕ್ಕೆ ಅರ್ಜಿಗೆ ಮುನ್ನವೇ ಒಂದೂವರೆ ವರ್ಷದ ಅಗಲಿಕೆ ಮುಗಿದಿರಬೇಕು, ರಾಜಿಯ ಪ್ರಯತ್ನ ವಿಫಲವಾಗಿರಬೇಕು, ಜೀವನಾಂಶ ಮತ್ತು ಮಗುವಿನ ಸುಪರ್ದಿ ನಿಜವಾಗಿ ತೀರ್ಮಾನವಾಗಿರಬೇಕು.

ಒಪ್ಪಂದದಲ್ಲಿ ‘ತಂದೆಗೆ ಭೇಟಿಯ ಹಕ್ಕು ಇರುತ್ತದೆ’ ಎಂಬ ಒಂದೇ ಸಾಲು ಬರೆದು ಸಹಿ ಹಾಕಿದವರು ಎರಡೇ ವರ್ಷಕ್ಕೆ ನನ್ನ ಬಳಿ ಬಂದಿದ್ದಾರೆ. ಇಂದು ಜಗಳವಿಲ್ಲ ನಿಜ. ನಾಳೆ ಇಬ್ಬರಲ್ಲೊಬ್ಬರು ಮರುಮದುವೆಯಾಗಬಹುದು, ಊರು ಬದಲಿಸಬಹುದು. ಯಾವ ವಾರ, ಯಾರು ಕರೆತರಬೇಕು, ಯಾರು ಬಿಡಬೇಕು. ಬೇಸಿಗೆ ರಜೆಯ ಅರ್ಧ, ದಸರಾ ರಜೆ, ಯುಗಾದಿ, ದೀಪಾವಳಿ, ಹುಟ್ಟುಹಬ್ಬ ಯಾರ ಬಳಿ. ಶಾಲೆ ಬದಲಿಸುವಾಗ ಇಬ್ಬರ ಒಪ್ಪಿಗೆ ಬೇಕೇ. ಅಂಕಪಟ್ಟಿ ಮತ್ತು ಪೋಷಕರ ಸಭೆಯ ಸೂಚನೆ ಇಬ್ಬರಿಗೂ ಬರಬೇಕೆಂದು. ಶಸ್ತ್ರಚಿಕಿತ್ಸೆಯಂತಹ ಸಂದರ್ಭದಲ್ಲಿ ತಕ್ಷಣ ತಿಳಿಸಬೇಕೆಂದು. ಪಾಸ್‌ಪೋರ್ಟ್ ಮತ್ತು ವಿದೇಶ ಪ್ರಯಾಣಕ್ಕೆ ಲಿಖಿತ ಸಮ್ಮತಿ. ಖರ್ಚಿನ ಪಾಲು ಮತ್ತು ವರ್ಷಕ್ಕೊಮ್ಮೆ ಅದರ ಏರಿಕೆ. ಇಷ್ಟನ್ನೂ ಬರೆಯಿರಿ. ಅಜ್ಜ ಅಜ್ಜಿಯರ ಭೇಟಿಯನ್ನೂ ಸೇರಿಸಿ. ಅವರನ್ನು ಎಲ್ಲರೂ ಮರೆಯುತ್ತಾರೆ.

ಇಬ್ಬರೂ ಒಂದೇ ಊರಿನಲ್ಲಿರುವುದಾದರೆ ಜಂಟಿ ಸುಪರ್ದಿಯ ಬಗ್ಗೆಯೂ ಯೋಚಿಸಿ. 2013ರಲ್ಲಿ ಕರ್ನಾಟಕ ಹೈಕೋರ್ಟಿನ ವಿಭಾಗೀಯ ಪೀಠ ಒಬ್ಬ ಬಾಲಕನ ವಿಷಯದಲ್ಲಿ ಜನವರಿಯಿಂದ ಜೂನ್‌ವರೆಗೆ ತಂದೆಯ ಬಳಿ, ಜುಲೈಯಿಂದ ಡಿಸೆಂಬರ್‌ವರೆಗೆ ತಾಯಿಯ ಬಳಿ ವಾಸ, ಖರ್ಚು ಸಮಪಾಲು, ಇನ್ನೊಬ್ಬರಿಗೆ ವಾರಾಂತ್ಯದ ಭೇಟಿ ಎಂದು ಆದೇಶಿಸಿತ್ತು. 2015ರಲ್ಲಿ ಕಾನೂನು ಆಯೋಗ ತನ್ನ 257ನೆಯ ವರದಿಯಲ್ಲಿ ಜಂಟಿ ಸುಪರ್ದಿಗೆ ಕಾನೂನಿನಲ್ಲಿಯೇ ಅವಕಾಶ ಮಾಡಿಕೊಡಬೇಕೆಂದು ಶಿಫಾರಸು ಮಾಡಿತು. ಆರು ತಿಂಗಳಿಗೊಮ್ಮೆ ಮನೆ ಬದಲಿಸುವ ಕ್ರಮ ಎಲ್ಲ ಮಕ್ಕಳಿಗೂ ಹೊಂದುತ್ತದೆ ಎಂದು ನನಗೆ ಅನಿಸುವುದಿಲ್ಲ. ಶಾಲೆ ಒಂದೇ ಆಗಿದ್ದು ಎರಡು ಮನೆಗಳೂ ಅದಕ್ಕೆ ಹತ್ತಿರವಿದ್ದರೆ ಮಾತ್ರ ಸಾಧ್ಯ.

ಪ್ರಶ್ನೆ: ನಾನು ಅಮೆರಿಕದಲ್ಲಿ ಕೆಲಸ ಮಾಡುತ್ತಿರುವ ಮೈಸೂರಿನವನು. ರಜೆಗೆಂದು ಮಕ್ಕಳೊಂದಿಗೆ ಮೈಸೂರಿಗೆ ಹೋದ ಪತ್ನಿ ಮರಳಿ ಬರುವುದಿಲ್ಲ ಎಂದು ತಿಳಿಸಿ ನಾಲ್ಕು ತಿಂಗಳಾಯಿತು. ಎಂಟು ಮತ್ತು ಐದು ವರ್ಷದ ಮಕ್ಕಳು ಅಮೆರಿಕದಲ್ಲಿಯೇ ಹುಟ್ಟಿದವರು. ಇಲ್ಲಿನ ನ್ಯಾಯಾಲಯದ ಆದೇಶ ತಂದರೆ ಭಾರತದಲ್ಲಿ ಜಾರಿಯಾಗುವುದೇ?
— ಹೊರನಾಡ ಕನ್ನಡಿಗ

ಉತ್ತರ: ತಾನಾಗಿ ಜಾರಿಯಾಗುವುದಿಲ್ಲ. ಮಕ್ಕಳ ಅಂತರರಾಷ್ಟ್ರೀಯ ಅಪಹರಣ ಕುರಿತ 1980ರ ಹೇಗ್ ಒಪ್ಪಂದಕ್ಕೆ ಭಾರತ ಸೇರಿಲ್ಲ. 2017ರ ಒಂದು ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ವಿದೇಶಿ ನ್ಯಾಯಾಲಯದ ಆದೇಶವು ಪರಿಗಣಿಸಬೇಕಾದ ಅಂಶಗಳಲ್ಲಿ ಒಂದು ಮಾತ್ರ, ಮಗುವಿನ ಹಿತವೇ ನಿರ್ಣಾಯಕ ಎಂದಿತು. ಆದರೆ ಮೊದಲ ಉತ್ತರದಲ್ಲಿ ಭೇಟಿಯ ಹಕ್ಕಿನ ಬಗ್ಗೆ ಹೇಳಿದ 2020ರ ತೀರ್ಪು ನಿಮ್ಮಂತಹ ಪ್ರಕರಣದಲ್ಲಿಯೇ ಬಂದದ್ದು. ಅಲ್ಲಿ ಅಮೆರಿಕದ ನ್ಯಾಯಾಲಯದ ಆದೇಶ ಮೀರಿ ತಾಯಿ ಕರೆತಂದಿದ್ದ ಮಗುವನ್ನು ಮರಳಿ ಕಳುಹಿಸುವ ತೀರ್ಮಾನವಾಯಿತು. ಆದ್ದರಿಂದ ಅಲ್ಲಿನ ಆದೇಶ ತರುವುದು ವ್ಯರ್ಥವಲ್ಲ, ಅದೊಂದೇ ಸಾಲದು ಅಷ್ಟೇ.

ಅಲ್ಲಿನ ಆದೇಶಕ್ಕೆ ಅರ್ಜಿ ಹಾಕುತ್ತಲೇ ಇಲ್ಲಿ ಕರ್ನಾಟಕ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ರಿಟ್ ಅರ್ಜಿ (ಯಾರದೋ ವಶದಲ್ಲಿರುವವರನ್ನು ನ್ಯಾಯಾಲಯದ ಎದುರು ಹಾಜರುಪಡಿಸಬೇಕೆಂದು ಕೋರುವ ಅರ್ಜಿ) ಸಲ್ಲಿಸುವ ಬಗ್ಗೆ ವಕೀಲರನ್ನು ಕಾಣಿ. ಮಕ್ಕಳ ಸುಪರ್ದಿಯ ವಿಷಯದಲ್ಲಿಯೂ ಈ ರಿಟ್ ಊರ್ಜಿತವಾಗಬಲ್ಲದು ಎಂದು 2019ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ. ನಾಲ್ಕು ತಿಂಗಳಲ್ಲಿ ಬಂದ ತಂದೆಯನ್ನು ನ್ಯಾಯಾಲಯ ಒಂದು ರೀತಿ ನೋಡುತ್ತದೆ. ಮಕ್ಕಳು ಮೈಸೂರಿನ ಶಾಲೆಯಲ್ಲಿ ಎರಡು ವರ್ಷ ಓದಿ, ಕನ್ನಡದಲ್ಲಿಯೇ ಕನಸು ಕಾಣತೊಡಗಿದ ಮೇಲೆ ಬಂದವರನ್ನು ಇನ್ನೊಂದು ರೀತಿ. ಅರ್ಜಿಯಲ್ಲಿ ನಿಮ್ಮ ಕಡೆಯಿಂದ ಏನು ಕೊಡುತ್ತೀರಿ ಎಂಬುದನ್ನೂ ಬರೆಯಿರಿ: ಪತ್ನಿಯವರೂ ಮರಳಿ ಬರುವುದಾದರೆ ಅವರ ಟಿಕೆಟ್, ಬೇರೆ ಮನೆಯ ಬಾಡಿಗೆ, ಅಲ್ಲಿ ವಕೀಲರ ಶುಲ್ಕ, ಅವರ ಮೇಲೆ ಹೂಡಿರುವ ದೂರು ಇದ್ದರೆ ಅದನ್ನು ಹಿಂಪಡೆಯುವ ಭರವಸೆ. ವೀಸಾ ಮತ್ತು ಹಣ ಎರಡಕ್ಕೂ ನಿಮ್ಮನ್ನೇ ಅವಲಂಬಿಸಿದ್ದ ಹೆಣ್ಣುಮಗಳು ಪರದೇಶದಲ್ಲಿ ಒಂಟಿಯಾಗಿ ನಿಲ್ಲಲು ಹೆದರಿ ತವರಿಗೆ ಬಂದಿರಬಹುದು. ಆ ಹೆದರಿಕೆಗೆ ಉತ್ತರ ಕೊಡದ ಅರ್ಜಿ ದುರ್ಬಲವಾಗುತ್ತದೆ.

ಮಕ್ಕಳೊಡನೆ ಈಗ ವಿಡಿಯೋ ಕರೆ ನಡೆಯುತ್ತಿದೆ ಎಂದು ಬರೆದಿದ್ದೀರಿ. ಮೊಕದ್ದಮೆ ಹೂಡಿದ ದಿನ ಅದು ನಿಂತುಹೋದೀತೆಂಬ ಭಯವೂ ನಿಮ್ಮ ಪತ್ರದಲ್ಲಿದೆ. ಹೀಗಾಗಿ ರಿಟ್ ಅರ್ಜಿಯ ಮೊದಲ ವಿಚಾರಣೆಯಲ್ಲಿಯೇ, ಈಗಿರುವ ಕರೆಗಳು ಇದೇ ವೇಳೆಗೆ ಮುಂದುವರಿಯಬೇಕು ಎಂಬ ಮಧ್ಯಂತರ ಆದೇಶವನ್ನು ಕೇಳುವಂತೆ ನಿಮ್ಮ ವಕೀಲರಿಗೆ ಈಗಲೇ ಹೇಳಿಡಿ.

(ವಕೀಲರನ್ನು ನೇಮಿಸಿಕೊಳ್ಳಲು ಹಣವಿಲ್ಲ ಎಂದು ಬರೆದಿರುವ ಇಬ್ಬರು ಓದುಗರ ಗಮನಕ್ಕೆ: ಪ್ರತಿ ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ, ತಾಲ್ಲೂಕುಗಳಲ್ಲಿ ಅದರ ಸಮಿತಿ ಇರುತ್ತದೆ. ಆದಾಯ ಮಿತಿಯೊಳಗಿರುವ ಪುರುಷರಿಗೂ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಆದಾಯದ ಮಿತಿಯಿಲ್ಲದೆಯೂ, ಉಚಿತವಾಗಿ ವಕೀಲರ ನೆರವು ಸಿಗುತ್ತದೆ. ಸಹಾಯವಾಣಿ ಸಂಖ್ಯೆ 15100.)